ನಾಯಿಯ ಮೂತ್ರಕೋಶದ ಕಲ್ಲು: ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ

ನಾಯಿ ಪದೇ ಪದೇ ಮೂತ್ರಕ್ಕೆ ನಿಂತು ನಾಲ್ಕೇ ಹನಿ ಹಾಕುತ್ತಿದ್ದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಗಂಡುನಾಯಿ ಎಷ್ಟು ತಿಣುಕಿದರೂ ಒಂದು ಹನಿಯೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಅದರ ಶಿಶ್ನದೊಳಗೆ ಒಂದು ಎಲುಬಿದ್ದು, ಮೂತ್ರನಾಳವು ಆ ಎಲುಬಿನ ತೋಡಿನಲ್ಲಿಯೇ ಹಾದುಹೋಗುವುದರಿಂದ ಅಲ್ಲಿ ಹಿಗ್ಗಲು ಜಾಗವಿಲ್ಲದೆ, ಜಾರಿಬಂದ ಕಲ್ಲು ಸಾಮಾನ್ಯವಾಗಿ ಎಲುಬಿನ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಮೂತ್ರ ಪೂರ್ತಿ ಕಟ್ಟಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ ಒದಗಬಹುದು.

ಮೂತ್ರ ಹರಿಯುತ್ತಿದ್ದರೆ, ಕಲ್ಲು ಯಾವ ಬಗೆಯದೆಂದು ಅಂದಾಜಿಸಿದ ಮೇಲೆಯೇ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುವುದು ಒಳ್ಳೆಯದು. ನಾಯಿಗಳಲ್ಲಿ ಸ್ಟ್ರುವೈಟ್ ಕಲ್ಲು ಹೆಚ್ಚಾಗಿ ಮೂತ್ರದ ಸೋಂಕಿನಿಂದ ಹುಟ್ಟುವುದರಿಂದ, ಪ್ರತಿಜೈವಿಕ ಔಷಧ ಮತ್ತು ವೈದ್ಯರು ಸೂಚಿಸುವ ವಿಶೇಷ ಆಹಾರದಿಂದ ಅದು ಕೆಲವು ವಾರಗಳಲ್ಲಿ ಕರಗಬಲ್ಲದು. ಶಿಟ್ಜು, ಲಾಸಾ ಆಪ್ಸೊದಂತಹ ಪುಟ್ಟ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಮಾತ್ರ ಯಾವ ಔಷಧಕ್ಕೂ ಕರಗುವುದಿಲ್ಲ. ಇವೆರಡೂ ಎಕ್ಸ್-ರೇಯಲ್ಲಿ ಬಿಳಿಯಾಗಿ ಕಾಣುತ್ತವೆ. ಡಾಲ್ಮೇಷಿಯನ್‌ಗಳನ್ನು ಕಾಡುವ ಯೂರೇಟ್ ಕಲ್ಲು ಅನೇಕ ಸಲ ಕಾಣದಿರುವುದರಿಂದ ಅದಕ್ಕೆ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಮನುಷ್ಯರ ಕಲ್ಲಿಗೆಂದು ನಮ್ಮಲ್ಲಿ ಕುಡಿಯುವ ಬಾಳೆದಿಂಡಿನ ರಸವನ್ನು ನಾಯಿಗೆ ಕುಡಿಸುತ್ತಾ ದಿನ ದೂಡಬೇಡಿ.

ಶಸ್ತ್ರಚಿಕಿತ್ಸೆಗೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತಪರೀಕ್ಷೆ ಮಾಡುತ್ತಾರೆ. ಹಿಂದಿನ ರಾತ್ರಿಯಿಂದ ಆಹಾರ ನಿಲ್ಲಿಸಬೇಕಾಗುತ್ತದೆ; ನೀರನ್ನು ಯಾವಾಗ ತೆಗೆಯಬೇಕೆಂದು ವೈದ್ಯರನ್ನೇ ಕೇಳಿಕೊಳ್ಳಿ. ಪೂರ್ಣ ಅರಿವಳಿಕೆ ಕೊಟ್ಟು, ಕೆಳಹೊಟ್ಟೆಯನ್ನು ತೆರೆದು, ಮೂತ್ರಕೋಶವನ್ನು ಹೊರಗೆಳೆದು, ಮೂತ್ರ ಹೊಟ್ಟೆಯೊಳಗೆ ಸೋರದಂತೆ ಸುತ್ತಲೂ ಒದ್ದೆ ಬಟ್ಟೆ ಒತ್ತಿಟ್ಟು ಅದನ್ನು ಸೀಳುತ್ತಾರೆ. ಕಲ್ಲುಗಳನ್ನು ಚಮಚದಂಥ ಉಪಕರಣದಿಂದ ಬಾಚಿ ತೆಗೆದ ನಂತರ, ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಸಲೈನ್ ಹಾಯಿಸಿ ಮೂತ್ರನಾಳವನ್ನು ಮತ್ತೆ ಮತ್ತೆ ತೊಳೆಯುತ್ತಾರೆ. ಮರಳಿನಂಥ ಚೂರುಗಳು ಉಳಿಯುವುದು ಅಲ್ಲಿಯೇ. ಆದ್ದರಿಂದ ಹೊಲಿಗೆಯಾದ ಬಳಿಕ ಇನ್ನೊಂದು ಎಕ್ಸ್-ರೇ ತೆಗೆಯುವಂತೆ ಮೊದಲೇ ಕೇಳಿ. ಖರ್ಚು ಉಳಿಸಲು ಇದನ್ನು ಬಿಡುವುದು ನನಗೆ ಸರಿಕಾಣುವುದಿಲ್ಲ. ತೆಗೆದ ಕಲ್ಲನ್ನು ಡಬ್ಬಿಯಲ್ಲಿಟ್ಟು ನೆಂಟರಿಗೆ ತೋರಿಸುವ ಬದಲು ಪ್ರಯೋಗಾಲಯಕ್ಕೆ ಕಳುಹಿಸಿ, ಏಕೆಂದರೆ ಮುಂದಿನ ಆಹಾರ ಆ ವರದಿಯನ್ನೇ ಅವಲಂಬಿಸಿದೆ.

ಮನೆಗೆ ಬಂದ ಮೇಲೆ ಕೆಲವು ದಿನ ಮೂತ್ರ ತುಸು ಕೆಂಪಾಗಿರುವುದು ಸಹಜ. ಆದರೆ ಮೂತ್ರ ನಿಂತರೆ, ಹೊಟ್ಟೆ ಉಬ್ಬಿದರೆ ಅಥವಾ ವಾಂತಿಯಾದರೆ ಕೂಡಲೇ ಮರಳಿ ಕರೆದೊಯ್ಯಬೇಕು. ಹೊಲಿಗೆ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ, ಸುಮಾರು ಎರಡು ವಾರ ಓಟ ಮತ್ತು ನೆಗೆತವನ್ನು ತಡೆಯಿರಿ. ನೋವಿಗೆ ನಮ್ಮ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಕೊಡಲೇಬಾರದು. ಮೂತ್ರ ತಿಳಿಯಾಗಿರಲು ಊಟಕ್ಕೆ ನೀರು ಬೆರೆಸಿ ಕೊಡಿ. ಆಕ್ಸಲೇಟ್ ಕಲ್ಲು ಮರುಕಳಿಸುವುದು ಸಾಮಾನ್ಯವಾದ್ದರಿಂದ ಕೆಲವು ತಿಂಗಳಿಗೊಮ್ಮೆ ಎಕ್ಸ್-ರೇ ತೆಗೆಸುತ್ತಿದ್ದರೆ, ಹೊಸ ಕಲ್ಲು ಸಣ್ಣದಿರುವಾಗಲೇ, ಅದರಲ್ಲೂ ಹೆಣ್ಣುನಾಯಿಯಲ್ಲಿ, ಅರಿವಳಿಕೆ ಕೊಟ್ಟು ಮೂತ್ರಕೋಶವನ್ನು ಸಲೈನ್‌ನಿಂದ ತುಂಬಿಸಿ ಒತ್ತಿ, ಕೊಯ್ಯದೆಯೇ ಹೊರಹಾಕಲು ಸಾಧ್ಯವಾಗುತ್ತದೆ.