ಹಕೀಮರು ಹೇಳುವ ಅರೆಬೆಂದ ಮೊಟ್ಟೆ: ಹದ ತಪ್ಪದೆ ಮಾಡುವುದು ಹೇಗೆ?

ಜ್ವರ ಬಿಟ್ಟ ಮೇಲೆ ಮೈಯಲ್ಲಿ ಶಕ್ತಿಯೇ ಇಲ್ಲ ಎಂದು ಯುನಾನಿ (ಗ್ರೀಕರಿಂದ ಅರಬ್ಬರ ಮೂಲಕ ಬಂದ ವೈದ್ಯಪದ್ಧತಿ) ಹಕೀಮರ ಬಳಿ ಹೋದವರಿಗೆ ಕೆಲವೊಮ್ಮೆ ಔಷಧಿಯ ಜೊತೆ ಒಂದು ಪಥ್ಯವೂ ಸಿಗುತ್ತದೆ. ಅದೇ ‘ನೀಮ್‌ಬಿರಿಷ್ಟ್’, ಅಂದರೆ ಅರೆಬೆಂದ ಕೋಳಿಮೊಟ್ಟೆ. ಮನೆಗೆ ಬಂದ ಮೇಲೆ ಆಗುವುದೇ ಬೇರೆ. ಕೆಲವರು ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಹಾಕಿ ಕುಡಿಸುತ್ತಾರೆ. ಇನ್ನು ಕೆಲವರು ಇಪ್ಪತ್ತು ನಿಮಿಷ ಕುದಿಸಿ, ಹಳದಿಯ ಸುತ್ತ ಹಸಿರು ಬಳೆ ಮೂಡಿದ ಮೊಟ್ಟೆ ಕೊಡುತ್ತಾರೆ. ಎರಡೂ ಆ ಪಥ್ಯವಲ್ಲ.

ಬೇಯಿಸುವ ಹದಕ್ಕೆ ಈ ವೈದ್ಯದಲ್ಲಿ ತುಂಬ ಹಿಂದಿನಿಂದಲೂ ಬೆಲೆಯಿದೆ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್, ಅಲುಗಾಡಿಸಿದರೆ ನಡುಗುವಷ್ಟು ಬೆಂದ ಮೊಟ್ಟೆಯೇ ಪೋಷಣೆಗೆ ಒಳ್ಳೆಯದು ಎಂದರು. ಗಟ್ಟಿ ಬೆಂದದ್ದು ಅರಗುವುದು ಕಷ್ಟ, ಕರಿದದ್ದು ಎಲ್ಲಕ್ಕಿಂತ ಕೆಟ್ಟದ್ದು ಎಂದೂ ಹೇಳಿದರು. ಅವರ ವಿಚಾರಗಳು ಅರಬ್ಬಿಗೆ ಬಂದವು. ಪರ್ಷಿಯಾದ ವೈದ್ಯ ಇಬ್ನ್ ಸಿನಾ (980–1037) ತಮ್ಮ ‘ಖಾನೂನ್’ ಎಂಬ ವೈದ್ಯಗ್ರಂಥದಲ್ಲಿ ತಾಜಾ ಕೋಳಿಮೊಟ್ಟೆಯನ್ನು, ಅದರಲ್ಲೂ ಹಳದಿಯನ್ನು, ಅರೆಬೆಂದ ಹದದಲ್ಲಿ ಮೆಚ್ಚಿಕೊಂಡರು. ಹಳದಿ ಬೇಗ ರಕ್ತವಾಗುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ ಎಂಬುದು ಅವರ ಮಾತು. ಬಿಳಿಯದು ತಂಪು, ಹಳದಿ ಉಷ್ಣ ಎಂದು ಹಕೀಮರು ಇಂದಿಗೂ ಲೆಕ್ಕ ಹಾಕುತ್ತಾರೆ. ಇಂದಿನ ಪೋಷಣೆಯ ಲೆಕ್ಕದಲ್ಲೂ ಎ, ಡಿ ಜೀವಸತ್ವಗಳು, ಕಬ್ಬಿಣ, ಕೋಲಿನ್ ಎಂಬ ಪೋಷಕಾಂಶ ಇರುವುದು ಮುಖ್ಯವಾಗಿ ಹಳದಿಯಲ್ಲೇ. ಆದರೆ ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಬಿಳಿ ಬೇಯಲೇಬೇಕು, ಹಳದಿ ಹರಿಯುವಂತಿರಬೇಕು.

ಮೊದಲು, ಮೊಟ್ಟೆ. ತಾಜಾ ಇರಲಿ. ನೀರಿಗೆ ಹಾಕಿದರೆ ತಳದಲ್ಲಿ ಅಡ್ಡ ಮಲಗಬೇಕು, ತೇಲಿದರೆ ಬೇಡ. ನಾಟಿ ಮೊಟ್ಟೆ ಸಿಕ್ಕರೆ ಸಂತೋಷ. ಆದರೆ ಕಂದು ಚಿಪ್ಪಿನ ಫಾರಂ ಮೊಟ್ಟೆಯನ್ನೇ ‘ನಾಟಿ’ ಎಂದು ಎರಡು ಪಟ್ಟು ಬೆಲೆಗೆ ಮಾರುವವರು ಜಾಸ್ತಿ ಇದ್ದಾರೆ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಸತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಮ್ನೆ ದುಡ್ಡು ಕೊಡಬೇಡಿ.

ನಂತರ, ನೀರು. ಮೊಟ್ಟೆ ಮುಳುಗಿ ಮೇಲೆ ಒಂದು ಬೆರಳು ನಿಲ್ಲುವಷ್ಟು ನೀರು ಕುದಿಸಿ.

ಈಗ ಬೇಯಿಸುವುದು. ಎಲ್ಲರೂ ಎಡವುವುದು ಇಲ್ಲಿಯೇ. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ನೇರ ಕುದಿನೀರಿಗೆ ಹಾಕಿದರೆ ಚಿಪ್ಪು ಬಿರಿಯುವ ಸಾಧ್ಯತೆ ಹೆಚ್ಚು. ಅರ್ಧ ಗಂಟೆ ಮೊದಲೇ ಹೊರಗಿಡಿ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಉರಿ ತಗ್ಗಿಸಿ. ನೀರು ಕುಣಿಯಬಾರದು, ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಸೌಟಿನಲ್ಲಿಟ್ಟು ಮೊಟ್ಟೆಯನ್ನು ಮೆಲ್ಲಗೆ ಇಳಿಸಿ. ಇಳಿಸಿದ ಕ್ಷಣದಿಂದಲೇ ಗಡಿಯಾರ ನೋಡಿ, ಅಂದಾಜು ಬೇಡವೇ ಬೇಡ. ಸಾಮಾನ್ಯ ಗಾತ್ರದ ಫಾರಂ ಮೊಟ್ಟೆಗೆ 6 ನಿಮಿಷ. ನಾಟಿ ಮೊಟ್ಟೆ ಚಿಕ್ಕದು, ಅದಕ್ಕೆ 5 ನಿಮಿಷ ಸಾಕು. ಮಂಗಳೂರಿನಲ್ಲಿ ಈ ಲೆಕ್ಕ ಸರಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಅರ್ಧ ನಿಮಿಷ ಹೆಚ್ಚಿಗೆ ಬಿಡಿ. ಮಡಿಕೇರಿಯವರು ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ. ಹಳದಿ ಸುಮಾರು 65 ಡಿಗ್ರಿಗೆ ದಪ್ಪವಾಗತೊಡಗಿ 70 ಡಿಗ್ರಿಗೆ ಕಟ್ಟಿಕೊಳ್ಳುತ್ತದೆ. ಆಟ ಇರುವುದೇ ಈ ಐದು ಡಿಗ್ರಿಯಲ್ಲಿ, ಅಲ್ವಾ? ಸಮಯ ಆಗುತ್ತಲೇ ತಣ್ಣೀರಿಗೆ ಹಾಕಿ. ಸ್ಟವ್ ಆರಿಸಿ ಬಿಸಿನೀರಿನಲ್ಲೇ ಬಿಟ್ಟರೆ ಒಳಗೆ ಬೇಯುವುದು ನಿಲ್ಲುವುದಿಲ್ಲ. ಮೈಕ್ರೊವೇವ್‌ನ ಅಡ್ಡದಾರಿ ಖಂಡಿತ ಬೇಡ, ಚಿಪ್ಪಿನ ಸಮೇತ ಇಟ್ಟರೆ ಸಿಡಿಯುತ್ತದೆ.

ತಿನ್ನುವುದು. ತಾಜಾ ಮೊಟ್ಟೆ ಸುಲಿಯಲು ಹೋದರೆ ಹರಿದು ಬರುತ್ತದೆ. ತುದಿ ಒಡೆದು ಚಮಚದಲ್ಲಿ ತಿನ್ನಿ. ಚಿಟಿಕೆ ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು ಇದ್ದರೆ ಸಾಕು. ಪೊಟ್ಟಣದ ಮೆಣಸಿನ ಪುಡಿಗೆ ಆ ಘಮ ಇರುವುದಿಲ್ಲ. ಬಿಸಿ ಇರುವಾಗಲೇ ಮುಗಿಸಿ, ಸಂಜೆಗೆಂದು ಎತ್ತಿಡಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹರಿಯುವ ಹಳದಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಉಳಿಯಬಹುದು. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಹಳದಿ ಪೂರ್ತಿ ಕಟ್ಟುವಂತೆ ಬೇಯಿಸಿಯೇ ಕೊಡಿ. ಜ್ವರದಿಂದ ಎದ್ದವರೂ ವೈದ್ಯರನ್ನು ಕೇಳಿದ ಮೇಲೆಯೇ ಅರೆಬೆಂದದ್ದು ತಿನ್ನಲಿ. ಮಧುಮೇಹ, ಕೊಲೆಸ್ಟರಾಲ್ ಇರುವವರು ದಿನಕ್ಕೆ ಎಷ್ಟು ಎಂದು ಕೇಳಿಕೊಳ್ಳಲಿ.

ಮೊಟ್ಟೆ ಚಿಪ್ಪನ್ನು ಸುಟ್ಟು ಮಾಡುವ ‘ಕುಶ್ತಾ’ ಎಂಬ ಭಸ್ಮ ಕೂಡ ಯುನಾನಿಯಲ್ಲಿದೆ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಲೇಬಲ್ ಇಲ್ಲದ ಪುಡಿ ಕೊಳ್ಳಬೇಡಿ. ಹಕೀಮರನ್ನೇ ಕೇಳಿ. ಬೆಂಗಳೂರಿನಲ್ಲಂತೂ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯ ಆಸ್ಪತ್ರೆಯೇ ಇದೆ. ಸುಟ್ಟ ಗಾಯಕ್ಕೆ ಮೊಟ್ಟೆಯ ಬಿಳಿ ಹಚ್ಚಬೇಕೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಅದನ್ನು ಈಗ ಪಾಲಿಸಬೇಡಿ, ಸೋಂಕು ತಗುಲಬಹುದು. ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಟ್ಟು, ವೈದ್ಯರ ಬಳಿ ಹೋಗಿ.