ಇಳಿಜಾರಿನಲ್ಲಿ ಹೂತ ಪೈಪ್‌ಲೈನ್ ಉಳಿಸಿಕೊಂಡ ಬಗೆ

ಕುಷ್ಟಗಿ ತಾಲ್ಲೂಕಿನ ನಮ್ಮ ದಾಳಿಂಬೆ ತೋಟಕ್ಕೆ ಹಳ್ಳದ ದಂಡೆಯ ಬೋರ್‌ವೆಲ್‌ನಿಂದ ನೀರು ಬರುವುದು 75 ಎಂಎಂ ಪಿವಿಸಿ ಪೈಪಿನಲ್ಲಿ. ಹಳ್ಳದಿಂದ ಮೇಲೇರುವ ಸುಮಾರು ಇನ್ನೂರು ಅಡಿ ಮಸಾರಿ (ಕೆಂಪು ಮಣ್ಣಿನ) ಇಳಿಜಾರಿನಲ್ಲಿ ಅದನ್ನು ಮೂರು ಅಡಿ ಆಳಕ್ಕೆ ಹೂತಿದ್ದರೂ, ಸೆಪ್ಟೆಂಬರ್–ಅಕ್ಟೋಬರ್‌ನ ರಭಸದ ಮಳೆ ಬಂದಾಗಲೆಲ್ಲ ಮಣ್ಣು ಕುಸಿದು ಜಾಯಿಂಟ್ ಬಿಚ್ಚಿಕೊಳ್ಳುತ್ತಿತ್ತು.

ಮೊದಲು ಮೇಲೆ ಕಲ್ಲು ಹಾಸಿಸಿದೆವು. ನಲವತ್ತು ಸಾವಿರದಷ್ಟು ಖರ್ಚಾಯಿತು. ಅಡಿಯ ಮಣ್ಣು ಹೋಗಿ ಅದೇ ಕಲ್ಲು ಪೈಪಿನ ಮೇಲೆ ಬಿತ್ತು. ಮರಳು ತುಂಬಿದ ಸಿಮೆಂಟ್ ಚೀಲಗಳು ನಮ್ಮ ಬಿಸಿಲಿಗೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪುಡಿಯಾದವು. ಕಾಂಕ್ರೀಟ್ ಹೊದಿಸಲು ಗುತ್ತಿಗೆದಾರರು ಒಂದೂವರೆ ಲಕ್ಷ ಕೇಳಿದರು. ಕೆಳಗಿನ ಮಣ್ಣೇ ನಿಲ್ಲದಿದ್ದರೆ ಕಾಂಕ್ರೀಟ್ ಪೈಪನ್ನೂ ಮುರಿದುಕೊಂಡೇ ಬೀಳುತ್ತದೆ ಎಂದು ನಾನು ಒಪ್ಪಲಿಲ್ಲ.

ಒಂದು ಮಳೆಯ ಮರುದಿನ ನೋಡಿದರೆ ಮೇಲ್ಮಣ್ಣು ಹಾಗೇ ಇತ್ತು, ಆದರೆ ಇಳಿಜಾರಿನ ಬುಡದಲ್ಲಿ ಟ್ರೆಂಚ್ ಮುಗಿಯುವ ಕಡೆ ಕೆಂಪು ನೀರು ಜಿನುಗುತ್ತಿತ್ತು. ಮೇಲಿಂದ ಹಾರೆ ಊರಿದಾಗ ಅದು ತಡೆಯಿಲ್ಲದೆ ಮೊಣಕೈಯಷ್ಟು ಇಳಿಯಿತು. ಸಡಿಲವಾಗಿ ತುಂಬಿದ ಮಣ್ಣಿನೊಳಗೆ ನೀರು ಪೈಪಿನ ಗುಂಟ ಹರಿದು, ನುಣ್ಣನೆಯ ಮಣ್ಣನ್ನು ಹೊತ್ತೊಯ್ದು, ಒಳಗೆ ಪೊಳ್ಳು ಮಾಡುತ್ತಿತ್ತು. ತಡೆಯಬೇಕಾದದ್ದು ಆ ಒಳಹರಿವನ್ನು.

ಆದ್ದರಿಂದ ಇಪ್ಪತ್ತು–ಇಪ್ಪತ್ತೈದು ಅಡಿಗೊಂದರಂತೆ, ಕಡಿದಾದಲ್ಲಿ ಇನ್ನೂ ಹತ್ತಿರಕ್ಕೆ, ಟ್ರೆಂಚಿಗೆ ಅಡ್ಡಲಾಗಿ ಅಂಟುಳ್ಳ ಕಪ್ಪು ಎರೆ ಮಣ್ಣಿನ ಗೋಡೆ ಹಾಕಿಸಿದೆ. ಗೋಡೆಯನ್ನು ಎರಡೂ ಬದಿಯ ಗಟ್ಟಿ ನೆಲದೊಳಗೆ ಒಂದು ಅಡಿ ಮತ್ತು ಪೈಪಿನ ಕೆಳಗೆ ಅರ್ಧ ಅಡಿ ಇಳಿಸದಿದ್ದರೆ ನೀರು ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ಬರೀ ಎರೆ ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಮತ್ತು ಸ್ವಲ್ಪ ಸುಣ್ಣ ಬೆರೆಸಿದೆ. ಪ್ರಮಾಣವನ್ನು ತೋಟಕ್ಕೆ ಬಂದವರಿಗಷ್ಟೇ ಹೇಳುತ್ತೇನೆ. ಹದ ಮಾತ್ರ ಬರೆಯಬಲ್ಲೆ: ಮುಷ್ಟಿಯಲ್ಲಿ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಗೋಡೆಯ ನಡುವೆ ಹಾಯುವ ಪೈಪಿಗೆ ಹಳೆಯ ಟ್ರ್ಯಾಕ್ಟರ್ ಟ್ಯೂಬನ್ನು ಬಿಗಿಯಾಗಿ ಸುತ್ತಿದೆ. ಉಳಿದ ಟ್ರೆಂಚಿಗೆ ಗರಸನ್ನು ಅರ್ಧರ್ಧ ಅಡಿ ಹಾಕಿ ದಮ್ಮಸು ಮಾಡಿಸಿದೆವು. ಪ್ರತಿ ಗೋಡೆಯ ನೆತ್ತಿಯಲ್ಲಿ ಓರೆಯಾದ ಬದು ಕಟ್ಟಿ, ಮೇಲಿನ ನೀರನ್ನು ಕಲ್ಲು ಹಾಸಿದ ಪಕ್ಕದ ನೆಲಕ್ಕೆ ತಿರುಗಿಸಿದೆ.

ಬದುವಿನ ಮೇಲೆ ಒಂದು ಕಡೆ ಕತ್ತಾಳೆ, ಇನ್ನೊಂದು ಕಡೆ ಲಾವಂಚ ಹಚ್ಚಿ ನೋಡಿದೆ. ಕತ್ತಾಳೆ ದನಗಳನ್ನು ತಡೆಯಿತು, ಮಣ್ಣನ್ನಲ್ಲ. ಗೇಣಿಗೊಂದರಂತೆ ಒತ್ತಾಗಿ ಹಚ್ಚಿದ ಲಾವಂಚಕ್ಕೆ ಮೊದಲ ಬೇಸಿಗೆ ಡ್ರಿಪ್ ನೀರು ಕೊಟ್ಟೆ. ಅದರ ಬೇರು ಹರಡದೆ ನೇರ ಕೆಳಗೆ, ಮೂರು ಮೀಟರ್‌ವರೆಗೂ ಇಳಿಯುವಂಥದ್ದು. ಹಾಗಿದ್ದರೂ ಪೈಪಿನ ನೇರ ನೆತ್ತಿಯ ಮೇಲೆ ಒಂದು ಅಡಿ ಖಾಲಿ ಬಿಟ್ಟಿದ್ದೇನೆ.

ಜೆಸಿಬಿ, ಕೂಲಿ, ಗರಸು ಎಲ್ಲ ಸೇರಿ ಮೂವತ್ತು ಸಾವಿರ ದಾಟಲಿಲ್ಲ. “ಮಣ್ಣಿನ ಗೋಡೆ ಕಟ್ಟಿ ಮಣ್ಣು ನಿಲ್ಲಿಸುತ್ತೀರೇನ್ರೀ?” ಎಂದು ಕೇಳಿದ್ದ ಪಕ್ಕದ ಹೊಲದವರು, ನಾಲ್ಕು ಮಳೆಗಾಲ ನಮ್ಮ ಪೈಪು ಅಲುಗಾಡದ್ದನ್ನು ಕಂಡು, ಈ ವರ್ಷ ತಮ್ಮ ಲೈನಿಗೂ ಅದೇ ಗೋಡೆಗಳನ್ನು ನನ್ನಿಂದಲೇ ಹಾಕಿಸಿಕೊಂಡರು.