ಅಡುಗೆಮನೆಗೂ ಕೇಳಿಸುವ ಸುದ್ದಿ

ನಾನು ಟಿವಿ ಸುದ್ದಿಗೆ ಬಂದದ್ದು ಪತ್ರಿಕೆಯಿಂದ, ತೊಂಬತ್ತರ ದಶಕದ ಕೊನೆಯಲ್ಲಿ. ನಮ್ಮದು ಆಗ ದಿನವಿಡೀ ಸುದ್ದಿ ಹೇಳುವ ಚಾನೆಲ್ ಆಗಿರಲಿಲ್ಲ. ದಿನಕ್ಕೆ ಒಂದೆರಡು ಬುಲೆಟಿನ್, ಅಷ್ಟೇ. ಹುಬ್ಬಳ್ಳಿಯ ಕ್ಯಾಮೆರಾಮನ್ ಸಂಜೆ ಶೂಟ್ ಮಾಡಿದ ಟೇಪನ್ನು ಕವರಿಗೆ ಹಾಕಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ನಮ್ಮ ಆಫೀಸಿನ ಹುಡುಗ ಬಸ್ ನಂಬರ್ ಬರೆದ ಚೀಟಿ ಹಿಡಿದು ಕಾಯುತ್ತಿದ್ದ. ಬಸ್ ಕೆಟ್ಟು ನಿಂತರೆ ಸುದ್ದಿಯೂ ಅಲ್ಲೇ ನಿಂತಿತು. ಬಂದ ಟೇಪ್ ನೋಡಿ, ಯಾವುದು ಮೊದಲು, ಯಾವುದು ನಂತರ, ಯಾವುದಕ್ಕೆ ಎಷ್ಟು ಸೆಕೆಂಡ್ ಅಂತ ತೀರ್ಮಾನಿಸುವುದು ಬುಲೆಟಿನ್ ಪ್ರೊಡ್ಯೂಸರ್ ಕೆಲಸ. ಆ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಾಡಿದೆ.

ಇದನ್ನು ನನಗೆ ಕಲಿಸಿದವರನ್ನು ನಾನು ಒಮ್ಮೆಯೂ ಭೇಟಿಯಾಗಿಲ್ಲ. ಸುರೇಂದ್ರ ಪ್ರತಾಪ್ ಸಿಂಗ್. ಹಿಂದಿಯವರೆಲ್ಲ ಎಸ್.ಪಿ. ಅನ್ನುತ್ತಿದ್ದರು. 'ರವಿವಾರ್', 'ನವಭಾರತ್ ಟೈಮ್ಸ್' ಅಂತ ಪತ್ರಿಕೆಗಳಲ್ಲೇ ಬೆಳೆದವರು. 1995ರ ಜುಲೈನಲ್ಲಿ ದೂರದರ್ಶನದ ಮೆಟ್ರೋ ಚಾನೆಲ್‌ನಲ್ಲಿ 'ಆಜ್ ತಕ್' ಶುರುವಾಯಿತು. ಆಗ ಅದು ರಾತ್ರಿ ಬರುತ್ತಿದ್ದ 20 ನಿಮಿಷದ ಬುಲೆಟಿನ್. ಅದನ್ನು ಕಟ್ಟಿದವರೂ ಅವರೇ, ಎದುರು ಕೂತು ಓದಿದವರೂ ಅವರೇ. ನನ್ನ ಹಿಂದಿ ಅಷ್ಟಕ್ಕಷ್ಟೆ. ಸರ್ಕಾರಿ ವಾರ್ತೆಯ ಹಿಂದಿಯಂತೂ ತಲೆಗೇ ಹತ್ತುತ್ತಿರಲಿಲ್ಲ. ಇವರು ಹೇಳಿದ್ದು ಮಾತ್ರ ಅರ್ಥವಾಗುತ್ತಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಜನ ಆಡುವ ಹಿಂದಿಯನ್ನೇ ಅವರು ಸುದ್ದಿಗೆ ತಂದಿದ್ದರು.

ಅದೇ ವರ್ಷ ಸೆಪ್ಟೆಂಬರ್ 21. ಗಣೇಶ ಹಾಲು ಕುಡಿಯುತ್ತಾನೆ ಅಂತ ದೇಶಕ್ಕೆ ದೇಶವೇ ದೇವಸ್ಥಾನದ ಮುಂದೆ ಸಾಲು ನಿಂತಿತ್ತು. ಎಸ್.ಪಿ. ತಂಡ ಮಾಡಿದ್ದು ಒಂದೇ ಕೆಲಸ. ಚಪ್ಪಲಿ ರಿಪೇರಿ ಮಾಡುವವರ ಕಬ್ಬಿಣದ ಸಾಧನಕ್ಕೂ ಹಾಲು ಹಿಡಿದು ತೋರಿಸಿತು. ಅದೂ 'ಕುಡಿಯಿತು'. ಚಮಚದ ಹಾಲು ತಾಗಿದ ಕೂಡಲೇ ಮೈ ಹಿಡಿದು ತೆಳ್ಳಗೆ ಕೆಳಗಿಳಿಯುತ್ತದೆ, ಕಲ್ಲಾದರೇನು, ಕಬ್ಬಿಣವಾದರೇನು. ಯಾರನ್ನೂ ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಚಿತ್ರವೇ ಹೇಳಿತು.

ಕನ್ನಡಕ್ಕೆ ಈ ಆಡುಮಾತಿನ ಸುದ್ದಿಯನ್ನು ತರುವಾಗ ನನಗೆ ಎದುರಾದ ಕಷ್ಟ ವಾಕ್ಯದ್ದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪೇಪರ್ ಓದುವವರು ಬೇಕಾದರೆ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾರೆ. ಟಿವಿಯಲ್ಲಿ ಆ ಅವಕಾಶ ಇಲ್ಲ. ನಮ್ಮಮ್ಮ ಸುದ್ದಿಯನ್ನು ನೋಡುತ್ತಿರಲಿಲ್ಲ, ಅಡುಗೆಮನೆಯಿಂದ ಕೇಳುತ್ತಿದ್ದರು. ವಾಕ್ಯ ಮೂವತ್ತು ಪದ ಎಳೆದು, ಕೊನೆಯ ಪದಕ್ಕೆ ಸರಿಯಾಗಿ ಕುಕ್ಕರ್ ಕೂಗಿದರೆ, ಮಸೂದೆ ಪಾಸಾಯಿತೋ ಬಿದ್ದುಹೋಯಿತೋ ಗೊತ್ತೇ ಆಗುವುದಿಲ್ಲ. "ಏನಂತೆ ಅದು?" ಅಂತ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ನಾನೇ ಬರೆದ ಸುದ್ದಿಗೂ ಹಾಗೆ ಬಂದು ಕೇಳಿದ್ದಾರೆ.

ಸುದ್ದಿ ತಿದ್ದುವ ಡೆಸ್ಕಿಗೆ ಬರುತ್ತಿದ್ದ ಕಾಪಿ ಹೀಗಿರುತ್ತಿತ್ತು: "ನದಿ ಪ್ರವಾಹದಿಂದಾಗಿ ಸಂಕಷ್ಟಕ್ಕೆ ಸಿಲುಕಿರುವ ಗ್ರಾಮಸ್ಥರಿಗೆ ಸೂಕ್ತ ಪರಿಹಾರ ಒದಗಿಸಲು ಸರ್ಕಾರ ಬದ್ಧವಾಗಿದೆ ಎಂದು ಸಚಿವರು ತಿಳಿಸಿದ್ದಾರೆ." ನಾನು ಒಡೆದು ಬರೆಯುತ್ತಿದ್ದೆ: "ಊರಿಗೆ ಹೊಳೆ ನುಗ್ಗಿ ಮೂರು ದಿನವಾಯಿತು. ಜನ ಶಾಲೆಯಲ್ಲಿ ಮಲಗಿದ್ದಾರೆ. ಪರಿಹಾರ ಕೊಡುತ್ತೇವೆ ಅಂತ ಸಚಿವರು ಇವತ್ತು ಹೇಳಿದ್ದಾರೆ. ಯಾವಾಗ ಅಂತ ಹೇಳಿಲ್ಲ." ನಾಲ್ಕು ವಾಕ್ಯ, ಒಂದೊಂದರ ಕೊನೆಗೂ ಒಂದು ಕ್ರಿಯಾಪದ. ಒಂದು ತಪ್ಪಿಹೋದರೂ ಉಳಿದದ್ದು ಕೈಗೆ ಸಿಗುತ್ತದೆ. ಸೆಕೆಂಡಿಗೆ ಎರಡು ಪದ ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಕನ್ನಡದ ಪದಗಳು ಉದ್ದ. ಇಂಗ್ಲಿಷಿನ ಲೆಕ್ಕ ಹಿಡಿದರೆ ಆ್ಯಂಕರ್‌ಗೆ ಉಸಿರು ಕಟ್ಟುತ್ತದೆ.

ಮಾತಿನ ಭಾರ ಎಷ್ಟು ಅಂತ ಚೆನ್ನಾಗಿ ಗೊತ್ತಾದದ್ದು 2000ದ ಜುಲೈ 30ರ ನಂತರ. ಆ ರಾತ್ರಿ ಗಾಜನೂರಿನಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಮಾರನೇ ದಿನ ಬೆಂಗಳೂರು ಮುಚ್ಚಿಹೋಯಿತು. ಅಣ್ಣಾವ್ರು ಕಾಡಿನಲ್ಲಿದ್ದದ್ದು 108 ದಿನ. ಅಷ್ಟೂ ದಿನ ಡೆಸ್ಕಿನ ಫೋನಿಗೆ ಬಿಡುವಿಲ್ಲ. ಬಿಟ್ಟರಂತೆ, ಹುಷಾರಿಲ್ಲವಂತೆ, ಹಾಗಂತೆ, ಹೀಗಂತೆ. ನಮ್ಮ ಬುಲೆಟಿನ್‌ನಲ್ಲಿ 'ಅಂತೆ' ಬರಕೂಡದು ಅಂತ ಆಗ ನಿಯಮ ಮಾಡಿದೆ. ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ. ನಾವು ಹೇಳುವ ಒಂದು ಮಾತಿಗೆ ಊರು ಹೊತ್ತಿಕೊಳ್ಳಬಹುದಿತ್ತು, ಅಲ್ವಾ?

ಒಂದು ತಪ್ಪು ಮಾತ್ರ ಈಗಲೂ ಚುಚ್ಚುತ್ತದೆ. ಒಂದು ಅಪಘಾತದ ಸುದ್ದಿ. ತೀರಿಕೊಂಡವರ ಮನೆಗೆ ವಿಷಯ ಮುಟ್ಟಿದೆ ಅಂದುಕೊಂಡು ಫೋಟೋ ಹಾಕಲು ಒಪ್ಪಿದೆ. ಮುಟ್ಟಿರಲಿಲ್ಲ. ಅಪ್ಪ ಟಿವಿಯಲ್ಲೇ ಮಗನ ಮುಖ ನೋಡಿದರು. ಯಾರೂ ನಮ್ಮ ಮೇಲೆ ದೂರು ಕೊಡಲಿಲ್ಲ. ಆದರೆ ಆವತ್ತಿನಿಂದ ಮನೆಯವರಿಗೆ ಗೊತ್ತಾಗಿದೆಯಾ ಅಂತ ನಾನೇ ಫೋನ್ ಮಾಡಿ ಕೇಳದೆ ಒಂದು ಹೆಸರನ್ನೂ ಪ್ರಸಾರಕ್ಕೆ ಬಿಟ್ಟಿಲ್ಲ. ಎಸ್.ಪಿ.ಯವರ ಕೊನೆಯ ದಿನಗಳು ಇಂಥ ಹೊತ್ತಿನಲ್ಲಿ ನೆನಪಾಗುತ್ತವೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು 59 ಜನ ಸತ್ತರು. ಆ ಸುದ್ದಿಯನ್ನು ಅವರೇ ಹೇಳಿದರು. ಕೆಲವೇ ದಿನಕ್ಕೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರು. ಅದೇ ತಿಂಗಳ 27ಕ್ಕೆ ತೀರಿಕೊಂಡರು. ವಯಸ್ಸು 48. ಸಾವಿನ ಸುದ್ದಿ ಹೇಳುವವರ ಎದೆಯ ಮೇಲೂ ಭಾರ ಕೂರುತ್ತದೆ. ಸಾವಿನ ದೃಶ್ಯದ ಹಿಂದೆ ಮ್ಯೂಸಿಕ್ ಹಾಕುವವರನ್ನು ಕಂಡರೆ ಅದಕ್ಕೇ ನನಗೆ ಸಿಟ್ಟು ಬರುತ್ತದೆ.

2009ರ ಅಕ್ಟೋಬರ್. ಉತ್ತರ ಕರ್ನಾಟಕದಲ್ಲಿ ಪ್ರವಾಹ. ಸ್ಟ್ರಿಂಗರ್, ಅಂದರೆ ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ಸ್ಥಳೀಯ ವರದಿಗಾರ, ಕಳಿಸಿದ ಹದಿನೇಳು ನಿಮಿಷದ ಫುಟೇಜ್‌ನಲ್ಲಿ ಒಂದು ಶಾಟ್ ಇತ್ತು. ಗೋಡೆ ಬಿದ್ದ ಮನೆ. ಒಬ್ಬ ಅಜ್ಜಿ ಚೀಲದಿಂದ ನೆಂದ ಜೋಳವನ್ನು ಬೊಗಸೆಯಲ್ಲಿ ತೆಗೆದು ಮೊರಕ್ಕೆ ಹಾಕುತ್ತಿದ್ದಾರೆ. ಕೆಲವು ಕಾಳು ಮೊಳಕೆ ಒಡೆದಿವೆ. ಅವರು ಅಳುತ್ತಿಲ್ಲ. ಮೊಳಕೆ ಬಂದದ್ದನ್ನು ಬೆರಳಲ್ಲಿ ಬೇರೆ ಮಾಡುತ್ತಿದ್ದಾರೆ. ದೃಶ್ಯದ ಮೇಲೆ ಓದುವ ವಾಯ್ಸ್ ಓವರ್‌ಗೆ ಒಳ್ಳೆಯ ಸಾಲುಗಳನ್ನೇ ಬರೆದಿದ್ದರು. ಎಲ್ಲ ತೆಗೆಸಿದೆ. ಬರೀ ಆ್ಯಂಬಿ, ಅಂದರೆ ಆ ಜಾಗದ ಸಹಜ ಸದ್ದು, ಉಳಿಸಿದೆ, ಹನ್ನೊಂದು ಸೆಕೆಂಡ್. ಲೈವ್ ಹೋಗುವಾಗ ಪ್ರಸಾರ ನಡೆಸುವ ಕೋಣೆಯಾದ ಪಿಸಿಆರ್‌ನಿಂದ ಟಾಕ್‌ಬ್ಯಾಕ್‌ನಲ್ಲಿ ಗಾಬರಿಯ ದನಿ: "ಸರ್, ಆಡಿಯೋ ಹೋಯ್ತಾ?"

"ಇಲ್ಲಪ್ಪ, ಇದೆ. ಕೇಳು."

ಒದ್ದೆ ಜೋಳ ಮೊರಕ್ಕೆ ಬೀಳುವ ಸದ್ದು ಕೇಳುತ್ತಿತ್ತು. ಹಿಂದೆ ಎಲ್ಲೋ ಒಂದು ಕರು ಕೂಗುತ್ತಿತ್ತು.

ಈಗ ಹೊಸಬರಿಗೆ ಹೇಳಿಕೊಡುತ್ತೇನೆ. ಮೊದಲ ವಾರ ಅವರಿಗೆ ಏನನ್ನೂ ಬರೆಯಲು ಕೊಡುವುದಿಲ್ಲ. ರಾತ್ರಿಯ ಬುಲೆಟಿನ್ ಅನ್ನು ಮಾನಿಟರ್‌ಗೆ ಬೆನ್ನು ಹಾಕಿ ಒಮ್ಮೆ ಕೇಳಬೇಕು. ಆಮೇಲೆ ಸದ್ದು ಪೂರ್ತಿ ಆಫ್ ಮಾಡಿ ಒಮ್ಮೆ ನೋಡಬೇಕು. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿನ ಟೈಮ್ ಬರೆದುಕೊಳ್ಳಬೇಕು. ಶನಿವಾರ ಆ ಚೀಟಿಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಕೂರುತ್ತೇವೆ.